ಗಡಿಯಾರ ಹಿಡಿದು ಅಳೆದ ಕೂಲಿ

‘ದಾನ ಅಲ್ಲ, ಅವಕಾಶ.’ ಅಮೆರಿಕದ ಗುಡ್‌ವಿಲ್ ಸಂಸ್ಥೆಯ ಹಳೆಯ ಘೋಷಣೆ ಇದು. ನನಗೆ ತುಂಬಾ ಇಷ್ಟವಾದ ಮಾತು. ಅದಕ್ಕೇ ಆ ಸಂಸ್ಥೆಯ ಮೇಲೆ ನನಗೆ ಸಿಟ್ಟೂ ಜಾಸ್ತಿ.

ನಮಸ್ಕಾರ. ಗುಡ್‌ವಿಲ್ ಅಂದರೆ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ. ಜನ ಕೊಟ್ಟ ಹಳೇ ಬಟ್ಟೆ, ಪಾತ್ರೆ, ಕುರ್ಚಿ ಮಾರುವ ಅಂಗಡಿಗಳು. ಬಂದ ದುಡ್ಡಲ್ಲಿ ಬೇರೆ ಕಡೆ ಕೆಲಸ ಸಿಗದವರಿಗೆ ಕೆಲಸ, ತರಬೇತಿ. ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ.

ಶುರುವಾಗಿದ್ದು 1902ರಲ್ಲಿ, ಬೋಸ್ಟನ್ ನಗರದ ಸೌತ್ ಎಂಡ್ ಎಂಬ ಬಡವರ ಬಡಾವಣೆಯಲ್ಲಿ. ಶುರು ಮಾಡಿದವರು ಎಡ್ಗರ್ ಹೆಲ್ಮ್ಸ್, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಪಾದ್ರಿ. ಸುತ್ತ ಬೇರೆ ಬೇರೆ ದೇಶಗಳಿಂದ ವಲಸೆ ಬಂದವರು, ಕೈಯಲ್ಲಿ ಕೆಲಸ ಇಲ್ಲ. ಹೆಲ್ಮ್ಸ್ ಗೋಣಿಚೀಲ ಹಿಡಿದು ಸಿರಿವಂತರ ಮನೆಗಳ ಕಡೆ ನಡೆದರು. ಬೇಡವಾದ ಬಟ್ಟೆ, ಬೂಟು, ಮೇಜು ಕೇಳಿ ತಂದರು. ಹರಿದದ್ದನ್ನು ಹೊಲಿಯಲು, ಮುರಿದದ್ದನ್ನು ಸರಿ ಮಾಡಲು ಇದೇ ಬಡವರಿಗೆ ಕೂಲಿ ಕೊಟ್ಟರು. ಸರಿಯಾದ ಸಾಮಾನನ್ನು ಕಡಿಮೆ ಬೆಲೆಗೆ ಅದೇ ಬೀದಿಯವರಿಗೆ ಮಾರಿದರು.

ಎಷ್ಟು ಚೆನ್ನಾಗಿದೆ ನೋಡಿ ಈ ಲೆಕ್ಕ. ಹೊಲಿದವರಿಗೆ ಕೂಲಿ ಸಿಕ್ಕಿತು, ಕಸುಬೂ ಬಂತು. ಕೊಂಡವರು ದುಡ್ಡು ಕೊಟ್ಟೇ ಕೊಂಡರು, ಯಾರ ಮುಂದೆಯೂ ಕೈ ಚಾಚಲಿಲ್ಲ. ಮುಂದೆ ನ್ಯೂಯಾರ್ಕ್‌ನ ಬ್ರೂಕ್ಲಿನ್ ಶಾಖೆಯವರು ಇಟ್ಟುಕೊಂಡ ಗುಡ್‌ವಿಲ್ ಎಂಬ ಹೆಸರೇ ಎಲ್ಲ ಶಾಖೆಗಳಿಗೂ ಬಂತು.

ಮೊದಲು ಇದು ಅಂಗವಿಕಲರಿಗೆ ಅಂತಲೇ ಹುಟ್ಟಿದ ಸಂಸ್ಥೆ ಅಲ್ಲ. ಬಡವರಿಗೆ ಅಂತ ಹುಟ್ಟಿದ್ದು. ಆಮೇಲೆ ನಿಧಾನವಾಗಿ ಗಮನ ಆ ಕಡೆ ತಿರುಗಿತು. ಕಾರಣ ಸುಲಭ. ಕಣ್ಣು ಕಾಣದವರನ್ನು, ಕೈಕಾಲು ಆಡದವರನ್ನು, ಬೌದ್ಧಿಕ ಅಂಗವಿಕಲತೆ ಇರುವವರನ್ನು ಕಾರ್ಖಾನೆಗಳು ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದವು. ಗುಡ್‌ವಿಲ್ ಒಳಗೆ ಕರೆಯಿತು. ಅದನ್ನು ಸಣ್ಣ ಕೆಲಸ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಈಗ 1938ಕ್ಕೆ ಬರೋಣ. ಆ ವರ್ಷ ಅಮೆರಿಕದಲ್ಲಿ ಕನಿಷ್ಠ ಕೂಲಿಯ ಕಾನೂನು ಬಂತು. ಗಂಟೆಗೆ 25 ಸೆಂಟ್, ಅಂದರೆ ಕಾಲು ಡಾಲರ್. ಇದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಆದರೆ ಕಾನೂನಿನ 14ನೇ ಸೆಕ್ಷನ್‌ನಲ್ಲಿ ಒಂದು ಬಾಗಿಲು ತೆರೆದಿಟ್ಟರು. ಅಂಗವಿಕಲತೆಯಿಂದ ಕೆಲಸದ ವೇಗ ಕಡಿಮೆ ಇದ್ದರೆ, ಸರ್ಕಾರದಿಂದ ಪ್ರಮಾಣಪತ್ರ ಪಡೆದು ಕನಿಷ್ಠಕ್ಕಿಂತ ಕಡಿಮೆ ಕೊಡಬಹುದು. ಈಗ ಅದನ್ನು 14(ಸಿ) ಅಂತಾರೆ. ಹೀಗೆ ಮಾಡಿದರೆ ಇವರಿಗೂ ಕೆಲಸ ಸಿಗುತ್ತದೆ ಅನ್ನುವುದು ಆಗಿನವರ ವಾದ. 1966ರಲ್ಲಿ, ಕೆಲವು ವಿನಾಯಿತಿ ಬಿಟ್ಟು, ಕನಿಷ್ಠ ಕೂಲಿಯ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಅಂದರು. 1986ರಲ್ಲಿ ಆ ತಳವನ್ನೂ ತೆಗೆದುಹಾಕಿದರು.

ಕೂಲಿ ಹೇಗೆ ನಿಗದಿ ಆಗುತ್ತದೆ ಗೊತ್ತಾ? ಸ್ಟಾಪ್‌ವಾಚ್ ಹಿಡಿದು. ಒಂದು ಕೆಲಸಕ್ಕೆ ಹೊರಗೆ ಗಂಟೆಗೆ 10 ಡಾಲರ್ ಇದೆ ಅಂದುಕೊಳ್ಳಿ. ಅಂಗವಿಕಲತೆ ಇಲ್ಲದವರು ಗಂಟೆಗೆ 100 ಬಟ್ಟೆ ವಿಂಗಡಿಸುತ್ತಾರೆ. ನೀವು 30 ವಿಂಗಡಿಸಿದಿರಿ. ನಿಮ್ಮ ಕೂಲಿ 3 ಡಾಲರ್. 6 ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು.

ಕೇಳಲು ನ್ಯಾಯ ಅನ್ನಿಸಬಹುದು. ಆದರೆ ಆ 30 ಎಲ್ಲಿಂದ ಬಂತು? ಗಾಲಿಕುರ್ಚಿಯಲ್ಲಿ ಕೂತವರಿಗೆ ಮೇಜು ಎತ್ತರವಾಗಿದ್ದರೆ ಕೈ ನಿಧಾನ ಆಗುತ್ತದೆ. ಕಣ್ಣು ಕಾಣದವರಿಗೆ ಬಣ್ಣ ನೋಡಿ ವಿಂಗಡಿಸುವ ಕೆಲಸ ಕೊಟ್ಟರೆ ಕೈ ಓಡುವುದೇ ಇಲ್ಲ. ಮೇಜು ಯಾವುದು, ಕೆಲಸ ಯಾವುದು, ಎಷ್ಟು ದಿನ ಕಲಿಸಬೇಕು, ಎಲ್ಲ ತೀರ್ಮಾನ ಸಂಸ್ಥೆಯದು. ಸಂಬಳ ಕಡಿತ ಮಾತ್ರ ಕೆಲಸಗಾರನದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ನಗುತ್ತೇವೆ. ಇಲ್ಲಿ ನೆಲ ನಿಜವಾಗಲೂ ಡೊಂಕು. ಅದನ್ನು ಹಾಸಿದವರೇ ಕುಣಿತಕ್ಕೆ ಅಂಕ ಹಾಕುತ್ತಿದ್ದಾರೆ.

ಕಾಗದದಲ್ಲಿ ಇದೆಲ್ಲ ಸುಮ್ನೆ ಸೂತ್ರ. ಕೈಗೆ ಬಂದಿದ್ದೆಷ್ಟು ಅಂತ ಹೊರಗೆ ಬಂದಿದ್ದು 2013ರಲ್ಲಿ. ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿ ವರದಿ ಮಾಡಿತು. ಪೆನ್ಸಿಲ್ವೇನಿಯಾದ ಗುಡ್‌ವಿಲ್‌ನಲ್ಲಿ ಕೆಲವರಿಗೆ ಗಂಟೆಗೆ 22 ಸೆಂಟ್‌ನಷ್ಟು ಕಡಿಮೆ ಕೂಲಿ ಸಿಕ್ಕಿತ್ತು. 1938ರ ಕನಿಷ್ಠ ಕೂಲಿಗಿಂತಲೂ 3 ಸೆಂಟ್ ಕಡಿಮೆ! ಆ ಹೊತ್ತಿಗೆ ದೇಶದ ಕನಿಷ್ಠ ಕೂಲಿ 7.25 ಡಾಲರ್. ಇದಕ್ಕೂ ಮೊದಲೇ, 2012ರಲ್ಲಿ, ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ ಗುಡ್‌ವಿಲ್‌ ಅನ್ನು ಬಹಿಷ್ಕರಿಸಿ ಅಂತ ಕರೆ ಕೊಟ್ಟಿತ್ತು. ಇದೇ ಗುಡ್‌ವಿಲ್‌ನ ಕೆಲವು ಶಾಖೆಗಳ ಮುಖ್ಯಸ್ಥರ ವರ್ಷದ ಸಂಬಳ ಲಕ್ಷಗಟ್ಟಲೆ ಡಾಲರ್. ಅವರ ಪಕ್ಕ ಸ್ಟಾಪ್‌ವಾಚ್ ಹಿಡಿದು ಯಾರೂ ನಿಲ್ಲುವುದಿಲ್ಲ, ಅಲ್ವಾ?

ಇನ್ನೊಂದು ಮಾತನ್ನೂ ಹೇಳಲೇಬೇಕು. ಗುಡ್‌ವಿಲ್ ಒಂದೇ ಕಂಪನಿ ಅಲ್ಲ. ಅದರಲ್ಲಿ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿವೆ, ಪ್ರತಿಯೊಂದಕ್ಕೂ ತನ್ನದೇ ಆಡಳಿತ ಮಂಡಳಿ. ಆಗಲೂ ಎಷ್ಟೋ ಶಾಖೆಗಳು ಈ ಪ್ರಮಾಣಪತ್ರ ಬಳಸುತ್ತಿರಲಿಲ್ಲ. ಅವೂ ಹಳೇ ಬಟ್ಟೆ ಮಾರಿಯೇ ನಡೆಯುತ್ತಿದ್ದವು. ಪೂರ್ತಿ ಕೂಲಿ ಕೊಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ ಅನ್ನುವ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ನನಗೆ ಕಷ್ಟ ಆಗುವುದು ಅಪ್ಪ ಅಮ್ಮಂದಿರ ಮಾತು. ‘ದುಡ್ಡು ಎಷ್ಟಾದರೂ ಇರಲಿ, ಆ ಜಾಗ ಮುಚ್ಚಿದರೆ ನನ್ನ ಮಗ ಮನೆಯಲ್ಲೇ ಕೂರಬೇಕು’ ಅಂತಾರೆ ಕೆಲವರು. ಅವರ ಭಯ ಸುಳ್ಳಲ್ಲ. ಕೂಲಿ ಏರಿದರೂ ಇನ್ನೊಂದು ತೊಡಕಿದೆ. ಕಡಿಮೆ ಆದಾಯದ ಅಂಗವಿಕಲರಿಗೆ ಅಲ್ಲಿನ ಸರ್ಕಾರ ಕೊಡುವ ಹಣದ ನೆರವು ಎಸ್‌ಎಸ್‌ಐ ಸಿಗಬೇಕಾದರೆ ಒಬ್ಬ ವ್ಯಕ್ತಿಯ ಹತ್ತಿರ 2,000 ಡಾಲರ್‌ಗಿಂತ ಜಾಸ್ತಿ ಆಸ್ತಿ, ಉಳಿತಾಯ ಇರಬಾರದು. ಮನೆ, ಕಾರಿನಂಥ ಕೆಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ನಿಜ, ಆದರೆ ಆ ಮಿತಿ 1989ರಿಂದ ಒಂದು ಡಾಲರ್ ಕೂಡ ಏರಿಲ್ಲ. ಜಾಸ್ತಿ ದುಡಿದು ನಾಲ್ಕು ಕಾಸು ಕೂಡಿಟ್ಟರೆ ನೆರವು ಹೋಗುತ್ತದೆ. ಕೂಲಿ ಸರಿಪಡಿಸಿ ಇದನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ.

ಆದರೆ ಮುಚ್ಚಿದರೆ ಗತಿಯೇ ಇಲ್ಲ ಅನ್ನುವವರು ವರ್ಮಾಂಟ್ ರಾಜ್ಯವನ್ನು ನೋಡಬೇಕು. ಅಲ್ಲಿ 2000ದ ದಶಕದ ಆರಂಭದಲ್ಲೇ ಅಂಗವಿಕಲರಿಗೆ ಮಾತ್ರ ಅಂತ ಇದ್ದ ಇಂಥ ಪ್ರತ್ಯೇಕ ಕೆಲಸದ ಶೆಡ್‌ಗಳನ್ನು ಮುಚ್ಚಿದರು. ಹಾಗಂತ ಜನರನ್ನು ಬೀದಿಗೆ ಬಿಡಲಿಲ್ಲ. ಮಾಮೂಲಿ ಅಂಗಡಿ, ಹೋಟೆಲ್, ಆಫೀಸುಗಳಲ್ಲಿ ಕೆಲಸ ಹುಡುಕಿ, ಪಕ್ಕದಲ್ಲಿ ನಿಂತು ಕಲಿಸುವವರನ್ನೂ ಕೊಟ್ಟರು.

ಇಲ್ಲೇ ಇರುವುದು ನಿಜವಾದ ಗಂಟು. ಕೆಲಸ ಕಲಿಸಿ ಹೊರಗೆ ಕಳಿಸುವುದು ಈ ಸಂಸ್ಥೆಗಳ ಗುರಿ ಅಂತ ಹೇಳಿಕೊಳ್ಳುತ್ತಾರೆ. ಆದರೆ ಚುರುಕಾಗಿ ಕಲಿತವನು ಹೊರಗೆ ಹೋದರೆ ಬೇರೆ ಕಡೆಯಿಂದ ಇವರು ಹಿಡಿದ ಗುತ್ತಿಗೆ ಕೆಲಸ ಮುಗಿಸುವವರು ಯಾರು? ಒಳ್ಳೇ ಕೆಲಸಗಾರನನ್ನು ಉಳಿಸಿಕೊಳ್ಳುವ ಆಸೆ ಸಹಜ. ಹೀಗೆ ತರಬೇತಿ ಅನ್ನುವ ಹೆಸರಲ್ಲೇ ವರ್ಷಗಳು ಕಳೆದುಹೋಗುತ್ತವೆ. ಅದಕ್ಕೇ ಎಷ್ಟು ಜನಕ್ಕೆ ಕೆಲಸ ಕೊಟ್ಟಿದ್ದೇವೆ ಅನ್ನುವ ಅಂಕಿ ನೋಡಿ ನಾನು ಚಪ್ಪಾಳೆ ಹೊಡೆಯುವುದಿಲ್ಲ. ಎಷ್ಟು ಜನ ನಿಮ್ಮನ್ನು ಬಿಟ್ಟು ಪೂರ್ತಿ ಸಂಬಳದ ಕೆಲಸಕ್ಕೆ ಹೋದರು? ಅದನ್ನು ಹೇಳಿ.

ಹತ್ತಕ್ಕೂ ಹೆಚ್ಚು ರಾಜ್ಯಗಳು ಈ ಕಡಿಮೆ ಕೂಲಿಯನ್ನು ನಿಲ್ಲಿಸುವ ಕಾನೂನು ಮಾಡಿವೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರದ ಕಾರ್ಮಿಕ ಇಲಾಖೆಯೂ ಹಂತಹಂತವಾಗಿ ತೆಗೆಯುವ ಪ್ರಸ್ತಾಪ ಇಟ್ಟಿತು. ಸರ್ಕಾರ ಬದಲಾಯಿತು. 2025ರ ಜುಲೈನಲ್ಲಿ ಆ ಪ್ರಸ್ತಾಪವನ್ನು ವಾಪಸ್ ಪಡೆದರು. 1938ರ ಆ ಬಾಗಿಲು ಇನ್ನೂ ತೆರೆದೇ ಇದೆ. ಪ್ರಮಾಣಪತ್ರ ಇಟ್ಟುಕೊಂಡಿರುವ ಸಂಸ್ಥೆಗಳ ಪಟ್ಟಿಯನ್ನು ಇಲಾಖೆಯೇ ಪ್ರಕಟಿಸುತ್ತದೆ. ಅಲ್ಲಿರುವವರು ಹಳೇ ಬಟ್ಟೆ ಕೊಡುವ ಮುಂಚೆ ಅದನ್ನೊಮ್ಮೆ ನೋಡಿ. ನಿಮ್ಮ ಊರಿನ ಶಾಖೆಯ ಹೆಸರು ಅದರಲ್ಲಿದ್ದರೆ, ಬಟ್ಟೆಯ ಜೊತೆ ‘ಎಷ್ಟು ಜನ ಪೂರ್ತಿ ಸಂಬಳದ ಕೆಲಸಕ್ಕೆ ಹೋದರು?’ ಅನ್ನುವ ಪ್ರಶ್ನೆಯನ್ನೂ ಕೌಂಟರ್‌ನಲ್ಲಿ ಇಟ್ಟು ಬನ್ನಿ.