ಟಿಬಿ ವಾಸಿಯಾದ ಮೇಲೂ ಕೆಮ್ಮಲ್ಲಿ ರಕ್ತ: ಆಸ್ಪರ್ಜಿಲಸ್ ಐಜಿಜಿ ಪರೀಕ್ಷೆ ಯಾಕೆ ಬೇಕು?

[ದೃಶ್ಯ: ಮಂಡ್ಯದ ಹತ್ತಿರ, ಮನೆ ಹಿತ್ತಿಲು. ಒಣಗಿದ ತೆಂಗಿನಕಾಯಿಯನ್ನ ಮೈಕ್ ಹತ್ತಿರ ಹಿಡಿದು ಅಲ್ಲಾಡಿಸುವುದು]

ಶಬ್ದ ಕೇಳಿಸ್ತಾ? ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟಿದೆ. ಗಿಟುಕು ಒಳಗೇ ಲೊಟಲೊಟ ಅಂತಿದೆ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ನಮ್ಮ ದೊಡ್ಡಪ್ಪ ಆಲೆಮನೆಯಲ್ಲಿ ದುಡಿದವರು. ಟಿಬಿ ಬಂತು. ಆರು ತಿಂಗಳು ಒಂದು ದಿನಾನೂ ತಪ್ಪಿಸದೆ ಮಾತ್ರೆ ನುಂಗಿದ್ರು, ವಾಸಿಯಾಯ್ತು. ಎರಡು ವರ್ಷ ಕಳೆದ ಮೇಲೆ ಮತ್ತೆ ಕೆಮ್ಮು, ಸುಸ್ತು. ಮೈ ಇಳಿದುಹೋಯ್ತು. ಒಂದಿನ ಬೆಳಗ್ಗೆ ಮುಖ ತೊಳೆಯೋಕೆ ಹೋದವರು ಕೆಮ್ಮಿದ್ರೆ ಬಚ್ಚಲಲ್ಲಿ ರಕ್ತ. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ, ಟಿಬಿ ಮತ್ತೆ ಬಂದಿದೆ ಅಂದ್ರು. ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿರಲಿಲ್ಲ, ಆದ್ರೂ ಮಾತ್ರೆ ಶುರು ಮಾಡಿದ್ರು. ನಾಲ್ಕು ತಿಂಗಳಾದರೂ ರಕ್ತ ನಿಲ್ಲಲಿಲ್ಲ. ಆ ನಾಲ್ಕು ತಿಂಗಳು ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಮೈಸೂರಿನ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ನಿಮಗೆಲ್ಲ ಗೊತ್ತು. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಟಿಬಿ ಅಂದ್ರೇನು ಅಂತ ಈ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟಿಬಿ ಹೋದ ಮೇಲೆ ಆಸ್ಪರ್ಜಿಲಸ್ ಅನ್ನೋ ಬೂಷ್ಟಿನಿಂದ ಬರೋ ಶ್ವಾಸಕೋಶದ ಕಾಯಿಲೆ ಮಾತ್ರ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ದೊಡ್ಡಪ್ಪನಿಗೆ ಇದ್ದದ್ದು ಅದೇ.

[ದೃಶ್ಯ: ಹಳೇ ಹುಲ್ಲಿನ ಮೆದೆ. ಒಂದು ಹಿಡಿ ಹುಲ್ಲು ಎಳೆದಾಗ ಏಳುವ ಧೂಳು]

ಈ ಧೂಳಲ್ಲಿ ಬೂಷ್ಟಿನ ಬೀಜಕಗಳಿರುತ್ತವೆ. ಒಂದೊಂದೂ 2-3 ಮೈಕ್ರಾನ್, ಕಣ್ಣಿಗೆ ಕಾಣಲ್ಲ. ಅದರಲ್ಲೊಂದು ಜಾತಿ ಆಸ್ಪರ್ಜಿಲಸ್. ನೀವೂ ನಾನೂ ದಿನಾ ಉಸಿರಲ್ಲಿ ಎಳೆದುಕೊಳ್ತೀವಿ, ಗಟ್ಟಿ ಶ್ವಾಸಕೋಶ ಅದನ್ನ ಹೊರಗೆ ಹಾಕುತ್ತೆ. ಆದ್ರೆ ಟಿಬಿ ವಾಸಿಯಾದ ಜಾಗದಲ್ಲಿ ಕೆಲವರಿಗೆ ಪೊಳ್ಳು ಉಳಿದುಬಿಡುತ್ತೆ. ಬೂಷ್ಟು ಅಲ್ಲಿ ಮನೆ ಮಾಡುತ್ತೆ, ಬೆಳೆದು ಉಂಡೆ ಕಟ್ಟಬಹುದು. ಸಿಟಿ ಸ್ಕ್ಯಾನಿನಲ್ಲಿ ಆ ಉಂಡೆಯ ಮೇಲೆ ಬಿದಿಗೆ ಚಂದ್ರನ ಹಾಗೆ ಗಾಳಿಯ ಗೆರೆ ಕಾಣುತ್ತೆ. ಅಂಗಾತ ಮಲಗಿದವರನ್ನ ಬೋರಲು ಮಲಗಿಸಿದ್ರೆ, ಹಲವರಲ್ಲಿ ಉಂಡೆ ಇನ್ನೊಂದು ಬದಿಗೆ ಸರಿಯುತ್ತೆ. ಆಗಲೇ ಅಲ್ಲಾಡಿಸಿದ ಗಿಟುಕಿನ ಥರ. ಇದು ಒಬ್ಬರಿಂದ ಒಬ್ಬರಿಗೆ ಅಂಟೋ ರೋಗ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ ದಯವಿಟ್ಟು.

ಈಗ ರಕ್ತ ಪರೀಕ್ಷೆ. ಕಫ ಕಲ್ಚರ್‌ಗೆ ಹಾಕಿದ್ರೂ ಈ ಶಿಲೀಂಧ್ರ, ಅಂದ್ರೆ ಬೂಷ್ಟು, ಎಷ್ಟೋ ಸಲ ಬೆಳೆಯಲ್ಲ. ಶಿಲೀಂಧ್ರದ ಗೋಡೆಯ ಗ್ಯಾಲಕ್ಟೋಮನ್ನನ್ ಅನ್ನೋ ಸಕ್ಕರೆ ಅಂಶವನ್ನ ರಕ್ತದಲ್ಲಿ ಹುಡುಕಿದ್ರೂ ಈ ಕಾಯಿಲೆಯಲ್ಲಿ ಬಹಳ ಸಲ ಸಿಗಲ್ಲ, ಕಳ್ಳ ಪೊಳ್ಳಿನಲ್ಲಿ ಕೂತಿರ್ತಾನೆ, ರಕ್ತದಲ್ಲಲ್ಲ. ಆದ್ರೆ ತಿಂಗಳುಗಟ್ಟಲೆ ಅವನ ಜೊತೆ ಹೋರಾಡಿದ ಮೈ ಒಂದು ಗುರುತು ಬಿಟ್ಟಿರುತ್ತೆ. ಅದೇ ಆಸ್ಪರ್ಜಿಲಸ್ ವಿರುದ್ಧದ ಐಜಿಜಿ ಆಂಟಿಬಾಡಿ, ಮೈ ತಾನೇ ತಯಾರಿಸಿ ರಕ್ತಕ್ಕೆ ಬಿಡೋ ಪ್ರೋಟೀನು.

[ದೃಶ್ಯ: ಹೆಸರು ಮರೆಮಾಚಿದ ಲ್ಯಾಬ್ ಚೀಟಿ]

ಇಲ್ಲಿ ನಾವೂ ಏಮಾರಿದ್ವಿ. ಕೌಂಟರಲ್ಲಿ ಬರೀ ಐಜಿಜಿ ಅಂತ ಬರೆದುಕೊಂಡು, ಒಟ್ಟು ಐಜಿಜಿ, ಅಂದ್ರೆ ಮೈಯಲ್ಲಿರೋ ಎಲ್ಲ ಐಜಿಜಿಯ ಲೆಕ್ಕ, ಮಾಡಿಕೊಟ್ರು. ದುಡ್ಡು ದಂಡ. ಚೀಟಿಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಐಜಿಜಿ ಅಂತ ಪೂರ್ತಿ ಇದೆಯಾ ಅಂತ ನೋಡ್ಕೊಳ್ಳಿ. ಐಜಿಇ ಬೇರೆ, ಅದು ಅಲರ್ಜಿಯ ಕಡೆ ನೋಡೋದು.

ಅಂಕಿಯ ವಿಚಾರ. ಒಂದು ಹೆಸರಾಂತ ವಿಧಾನದಲ್ಲಿ ಲೀಟರಿಗೆ 40 ಮಿಲಿಗ್ರಾಂ ಅನ್ನೋ ಗಡಿ ಬಳಕೆಯಲ್ಲಿತ್ತು. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ನಮ್ಮ ದೇಶದ ರೋಗಿಗಳಲ್ಲೇ ನೋಡಿ 27ರ ಆಸುಪಾಸು ಸೂಕ್ತ ಅಂದ್ರು. ಹಾಗಾಗಿ 32 ಬಂದ ರಿಪೋರ್ಟ್ ಒಬ್ಬರ ಲೆಕ್ಕದಲ್ಲಿ ನೆಗೆಟಿವ್, ಇನ್ನೊಬ್ಬರ ಲೆಕ್ಕದಲ್ಲಿ ಪಾಸಿಟಿವ್. ಬೇರೆ ವಿಧಾನಕ್ಕೆ ಬೇರೆ ಗಡಿ, ಎರಡು ಲ್ಯಾಬಿನ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಅರ್ಧ ಗಂಟೆಯೊಳಗೆ ಗೆರೆ ಮೂಡಿಸೋ ಪಟ್ಟಿ ಪರೀಕ್ಷೆಯೂ ಬಂದಿದೆ. ತಾಲೂಕು ಆಸ್ಪತ್ರೆಗಳಿಗೆ ಅದು ತಲುಪಬೇಕು ಅನ್ನೋದು ನನ್ನ ಆಸೆ.

ಪಾಸಿಟಿವ್ ಬಂದ ತಕ್ಷಣ ಕಾಯಿಲೆ ಅಂತ ತೀರ್ಮಾನ ಮಾಡೋಕಾಗಲ್ಲ. ಮೂರು ತಿಂಗಳಿಗೂ ಮೀರಿದ ತೊಂದರೆ, ಸ್ಕ್ಯಾನಿನ ಚಿತ್ರ, ಆಂಟಿಬಾಡಿ, ಮೂರೂ ಹೊಂದಬೇಕು. ಟಿಬಿ, ಕ್ಯಾನ್ಸರ್ ಅಲ್ಲ ಅಂತಲೂ ಖಾತ್ರಿಯಾಗಬೇಕು. ನೆಗೆಟಿವ್ ಬಂದ್ರೂ ಪೂರ್ತಿ ನಿಶ್ಚಿಂತೆ ಇಲ್ಲ: ಫ್ಯೂಮಿಗೇಟಸ್ ಬಿಟ್ಟು ಬೇರೆ ಬಗೆಯ ಆಸ್ಪರ್ಜಿಲಸ್ ಇದ್ರೆ, ಮೈಯಲ್ಲಿ ಆಂಟಿಬಾಡಿ ತಯಾರಿಸೋ ಶಕ್ತಿ ಕಮ್ಮಿ ಇದ್ರೆ ತಪ್ಪಿಹೋಗಬಹುದು.

ಇನ್ನೊಂದು ಮಾತು, ಇದನ್ನ ಬಿಡಬೇಡಿ. ಇದಕ್ಕೆ ಕೊಡೋ ಇಟ್ರಾಕೊನಜೋಲ್ ಅನ್ನೋ ಶಿಲೀಂಧ್ರದ ಔಷಧಿ ಸಾಮಾನ್ಯವಾಗಿ ಕಮ್ಮಿ ಅಂದ್ರೂ ಆರು ತಿಂಗಳು ನಡೆಯುತ್ತೆ. ಟಿಬಿ ಮಾತ್ರೆಯಲ್ಲಿರೋ ರಿಫಾಂಪಿಸಿನ್ ಅದನ್ನ ರಕ್ತದಲ್ಲಿ ನಿಲ್ಲೋಕೇ ಬಿಡಲ್ಲ. ನುಂಗ್ತಿರೋ ಎಲ್ಲ ಮಾತ್ರೆಯ ಪಟ್ಟಿಯನ್ನೂ ಡಾಕ್ಟ್ರ ಮುಂದೆ ಇಡಿ. ಗ್ಯಾಸಿನ ಮಾತ್ರೆಯನ್ನೂ ಸೇರಿಸಿ, ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತೋಕೆ ಹೊಟ್ಟೆಯ ಆಮ್ಲ ಬೇಕು, ಗ್ಯಾಸಿನ ಮಾತ್ರೆ ಅದನ್ನೇ ತಗ್ಗಿಸುತ್ತೆ.

ಈ ಔಷಧಿ ಶುರುವಾಗಿ ಆರು ತಿಂಗಳಾದ ಮೇಲೆ ದೊಡ್ಡಪ್ಪನಿಗೆ ಮತ್ತೆ ಐಜಿಜಿ ಮಾಡಿಸಿದ್ವಿ. ಸ್ವಲ್ಪವೇ ಇಳಿದಿತ್ತು, ನಮಗೆ ಗಾಬರಿ. ಇದು ನಿಧಾನಕ್ಕೇ ಇಳಿಯೋದಮ್ಮ ಅಂತ ಹೇಳಿ ಡಾಕ್ಟ್ರು ರಿಪೋರ್ಟ್ ಪಕ್ಕಕ್ಕಿಟ್ಟು, ದೊಡ್ಡಪ್ಪನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ರು. ನಾಲ್ಕು ಕೆಜಿ ಏರಿದ್ರು.