ಮೊದಲು ಮುಚ್ಚಳ ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿಗೆ ಯಾವ ಬ್ರೇಕ್ ಫ್ಲೂಯಿಡ್ ಹಾಕಬೇಕು ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಅರ್ಧಕ್ಕೇ ರೇಡಿಯೋ ಆರಿಸುವವರಿಗೂ ಉಪಯೋಗವಾಗಲಿ. ಬಾನೆಟ್ ಎತ್ತಿ. ಡ್ರೈವರ್ ಸೀಟಿನ ಎದುರಿಗೆ, ಗಾಜಿನ ಹತ್ತಿರ, ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಡಾಟ್ 3 (DOT 3) ಅಂತಲೋ ಡಾಟ್ 4 ಅಂತಲೋ ಬರೆದಿರುತ್ತದೆ. ಅದನ್ನೇ ಹಾಕಿ. ಮುಗಿಯಿತು.

ಇಷ್ಟಕ್ಕೆ ಒಂದು ಭಾಷಣ ಬೇಕಿತ್ತಾ ಅಂತ ಕೇಳಬಹುದು. ಬೇಕು. ಯಾಕೆಂದರೆ ಯಾರೂ ಮುಚ್ಚಳ ಓದುವುದಿಲ್ಲ. ಯಾವ ಕಂಪನಿಯದು ಒಳ್ಳೆಯದು ಅಂತ ಕೇಳುತ್ತಾರೆ, ಯಾವ ಬಣ್ಣದ್ದು ಅಂತ ಕೇಳುತ್ತಾರೆ. ಮುಚ್ಚಳದ ಮೇಲೆ ಏನು ಬರೆದಿದೆ ಅಂತ ನಾನು ಕೇಳಿದರೆ ಮುಖ ಮುಖ ನೋಡುತ್ತಾರೆ.

ಆ ನಂಬರ್ ಏನು ಹೇಳುತ್ತದೆ? ಫ್ಲೂಯಿಡ್ ಎಷ್ಟು ಬಿಸಿಗೆ ಕುದಿಯುತ್ತದೆ ಅನ್ನುವುದನ್ನು. ನೀವು ಪೆಡಲ್ ಒತ್ತಿದಾಗ ಆ ಒತ್ತಡವನ್ನು ಚಕ್ರದವರೆಗೆ ಹೊತ್ತು ಹೋಗುವುದು ಈ ಫ್ಲೂಯಿಡ್. ಒಂದು ಸಿರಿಂಜಿನಲ್ಲಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಅಲ್ಲಾಡುವುದಿಲ್ಲ. ಗಾಳಿ ತುಂಬಿ ಒತ್ತಿ, ಸುಮ್ನೆ ಒಳಗೆ ಹೋಗುತ್ತದೆ. ಬ್ರೇಕಿನ ಕಥೆ ಇಷ್ಟೇ. ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಡಿಸ್ಕ್ ಕಾಯುತ್ತದೆ, ಆ ಬಿಸಿ ಫ್ಲೂಯಿಡ್‌ಗೆ ಏರುತ್ತದೆ. ಅದು ಕುದಿದರೆ ಒಳಗೆ ಆವಿಯ ಗುಳ್ಳೆ. ಆಮೇಲೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4 ಆದರೆ 230. ಆದರೆ ಈ ಫ್ಲೂಯಿಡ್‌ಗೆ ಒಂದು ಕೆಟ್ಟ ಚಾಳಿ ಇದೆ, ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ರಬ್ಬರ್ ಹೋಸಿನ ಮೂಲಕವೂ ನಿಧಾನಕ್ಕೆ ಒಳಗೆ ಎಳೆದುಕೊಳ್ಳುತ್ತದೆ. 3.7 ಶೇಕಡಾ ನೀರು ಸೇರಿದರೆ ಡಾಟ್ 4ಕ್ಕೆ ಉಳಿಯುವ ಖಾತ್ರಿ 155 ಡಿಗ್ರಿ. ಡಾಟ್ 3ಕ್ಕೆ ಬರೀ 140. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಕಾರು ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, ಬದಲಾಯಿಸಿ.

ಈಗ ಒಂದು ಘಟನೆ ಹೇಳಲೇಬೇಕು. ನನ್ನ ಹತ್ತಿರ ತರಬೇತಿಗೆ ಬರುವ ಹುಡುಗರಿಗೆಲ್ಲ ಇದನ್ನು ಹೇಳಿಯೇ ಹೇಳುತ್ತೇನೆ.

ಒಬ್ಬರು ತಮ್ಮ ಕಾರನ್ನು ಟೋ ಮಾಡಿಸಿಕೊಂಡು ಬಂದರು. ಬ್ರೇಕ್ ಹಿಡಿದದ್ದು ಬಿಡುತ್ತಿಲ್ಲ, ನಾಲ್ಕೂ ಚಕ್ರದಿಂದ ಸುಟ್ಟ ವಾಸನೆ. "ನಾನೇನೂ ಮಾಡಿಲ್ಲ ಸಾರ್, ಕೆಂಪು ಲೈಟ್ ಬಂತು, ಸ್ವಲ್ಪ ಟಾಪ್ ಅಪ್ ಮಾಡಿದೆ ಅಷ್ಟೇ" ಅಂದರು. ನಾನು ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗಡೆಯ ರಬ್ಬರ್ ತೆಳ್ಳಗೆ ಇರಬೇಕಾದದ್ದು ಉಬ್ಬಿ, ಅಂಚೆಲ್ಲ ಅಲೆಅಲೆಯಾಗಿ ಹೊರಗೆ ಬಂದಿತ್ತು. ಒಬ್ಬ ಹುಡುಗ ಅದನ್ನು ಬೆರಳಿನಿಂದ ಒಳಗೆ ತುರುಕಲು ನೋಡಿದ. ಈ ಕಡೆ ಕೂರಿಸಿದರೆ ಆ ಕಡೆ ಏಳುತ್ತದೆ. ನನಗೆ ಅಷ್ಟು ಸಾಕಾಗಿತ್ತು. ಆದರೂ ಅವರಿಗೆ ತೋರಿಸೋಣ ಅಂತ ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ, ಡಬ್ಬಿಯಿಂದ ನಾಲ್ಕು ಹನಿ ಎತ್ತಿ ಬಿಟ್ಟೆ. ಬ್ರೇಕ್ ಫ್ಲೂಯಿಡ್ ಆಗಿದ್ದರೆ ನೀರಿನಲ್ಲಿ ಕರಗಿಹೋಗಬೇಕು. ಇಲ್ಲಿ ದುಂಡು ದುಂಡಗೆ ಮೇಲೆ ತೇಲುತ್ತಿತ್ತು. ಡಿಕ್ಕಿ ತೆಗೆದು ನೋಡಿದರೆ ಅರ್ಧ ಬಾಟಲಿ ಪವರ್ ಸ್ಟೀರಿಂಗ್ ಆಯಿಲ್!

"ಬಣ್ಣ ಒಂದೇ ಥರ ಇತ್ತಲ್ಲ ಸಾರ್" ಅಂದರು. ಇತ್ತು, ನಿಜ. ಆದರೆ ಬ್ರೇಕಿನ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಕುಡಿದು ಉಬ್ಬುತ್ತದೆ. ಪೆಡಲ್ ಒತ್ತಿದಾಗ ಫ್ಲೂಯಿಡನ್ನು ತಳ್ಳುವ ಭಾಗಕ್ಕೆ ಮಾಸ್ಟರ್ ಸಿಲಿಂಡರ್ ಅನ್ನುತ್ತೇವೆ. ಅದರೊಳಗೆ ಫ್ಲೂಯಿಡ್ ವಾಪಸ್ ಬರಲು ಒಂದು ಸಣ್ಣ ತೂತು ಇರುತ್ತದೆ. ಉಬ್ಬಿದ ರಬ್ಬರ್ ಆ ತೂತಿಗೇ ಅಡ್ಡ ಕೂತಿತ್ತು. ಒತ್ತಿದ ಬ್ರೇಕ್ ಬಿಡುವುದಾದರೂ ಹೇಗೆ? "ತೊಳೆದು ಹಾಕಿದರೆ ಆಗಲ್ವಾ?" ಅಂತ ಕೇಳಿದರು. ಆಗಲ್ಲ. ಉಬ್ಬಿದ ರಬ್ಬರನ್ನು ನಂಬಿ ಕಾರು ರಸ್ತೆಗೆ ಬಿಡಲಾಗುವುದಿಲ್ಲ. ಮಾಸ್ಟರ್ ಸಿಲಿಂಡರ್, ಹೋಸುಗಳು, ನಾಲ್ಕೂ ಚಕ್ರದ ಸೀಲುಗಳು, ಕೊನೆಗೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಯೂನಿಟ್, ಎಲ್ಲ ಹೊಸದು ಹಾಕಬೇಕಾಯಿತು. ಅಷ್ಟಕ್ಕೂ ಆ ಕೆಂಪು ಲೈಟ್ ಬಂದದ್ದು ಯಾಕೆ ಗೊತ್ತಾ? ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದಿತ್ತು. ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಬೇಕಾಗಿದ್ದದ್ದು ಹೊಸ ಪ್ಯಾಡು.

ನನಗೆ ಇವತ್ತಿಗೂ ತಡೆಯಲಾಗದ ವಿಷಯ ಒಂದಿದೆ. ಅವರು ಎಡಗೈಯಲ್ಲಿ ಮುಚ್ಚಳ ಹಿಡಿದುಕೊಂಡೇ ಬಲಗೈಯಲ್ಲಿ ಬಾಟಲಿ ಬಗ್ಗಿಸಿದ್ದಾರೆ. ಡಾಟ್ 4 ಅಂತ ದಪ್ಪ ಅಕ್ಷರದಲ್ಲಿ ಇದೆ. ಓದಬೇಕಿತ್ತು, ಅಲ್ವಾ?

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಓಡಿಸಿಬಿಡುತ್ತೇನೆ.

ಡಾಟ್ 3 ಇರುವಲ್ಲಿ 4 ಹಾಕಬಹುದಾ? ಹಾಕಬಹುದು. 4 ಇರುವಲ್ಲಿ 3 ಬೇಡ. ಮುಚ್ಚಳ ಓದಿದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ ಅನ್ನಿ. ಡಾಟ್ 5 ಮತ್ತು ಡಾಟ್ 5.1 ಒಂದೇ ಅಂದುಕೊಳ್ಳಬೇಡಿ. 5.1 ಅನ್ನುವುದು 3 ಮತ್ತು 4ರ ಹಾಗೆಯೇ ಗ್ಲೈಕಾಲ್ ಜಾತಿಯದು. ಡಾಟ್ 5 ಸಿಲಿಕೋನ್, ನೇರಳೆ ಬಣ್ಣ. ಉಳಿದವುಗಳ ಜೊತೆ ಅದನ್ನು ಬೆರೆಸಲೇಬಾರದು. ನಂಬರ್ ದೊಡ್ಡದು, ಹಾಗಾಗಿ ಜಾಸ್ತಿ ಒಳ್ಳೆಯದು ಅಂತ ತಂದು ಸುರಿಯುವವರಿದ್ದಾರೆ. ಬೇಡ. ಡಾಟ್ 4ರ ಪಕ್ಕ ಎಲ್‌ವಿ ಅಂತ ಎರಡಕ್ಷರ ಇದ್ದರೆ ಅದನ್ನೂ ಓದಿ. ಅದು ತೆಳುವಾದ ಫ್ಲೂಯಿಡ್. ಚಳಿಯಲ್ಲೂ ಎಬಿಎಸ್ ಚುರುಕಾಗಿ ಕೆಲಸ ಮಾಡಲಿ ಅಂತ ಮಾಡಿದ್ದು. ಹಳೆಯ ಕೆಲವು ಸಿಟ್ರೊಯೆನ್ ಕಾರುಗಳಲ್ಲಿ ಎಲ್ಲವೂ ಉಲ್ಟಾ. ಅವುಗಳಲ್ಲಿ ಇರುವುದು ಹಸಿರು ಮಿನರಲ್ ಆಯಿಲ್, ಅದಕ್ಕೆ ಡಾಟ್ 4 ಹಾಕಿದರೆ ಅಲ್ಲಿನ ರಬ್ಬರ್ ಹಾಳು. ಅಲ್ಲೂ ಮುಚ್ಚಳವೇ ಹೇಳುತ್ತದೆ.

ಸೀಲ್ ಒಡೆಯದ ಬಾಟಲಿಯನ್ನೇ ಬಳಸಿ. ಹೋದ ವರ್ಷ ತೆರೆದಿಟ್ಟ ಅರ್ಧ ಬಾಟಲಿ ಆಗಲೇ ತೇವ ಕುಡಿದಿರುತ್ತದೆ. ಅದನ್ನು ಕಾರಿಗೆ ಹಾಕಬೇಡಿ. ಮುಚ್ಚಳ ತೆಗೆಯುವ ಮುಂಚೆ ಸುತ್ತಲಿನ ಧೂಳು ಒರೆಸಿ. ಫ್ಲೂಯಿಡ್ ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ. ಬಟ್ಟೆಯಿಂದ ಉಜ್ಜಬೇಡಿ, ತಕ್ಷಣ ಧಾರಾಳವಾಗಿ ನೀರು ಸುರಿಯಿರಿ.

ನಮಸ್ಕಾರ.