ಒಂದೇ ಥಾನಿನ ಬಟ್ಟೆ: ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳ ನೋಟ ಮತ್ತು ಸೆನ್ಸರ್

ಕೇಳುಗರೆಲ್ಲರಿಗೂ ನಮಸ್ಕಾರ.

ಫೋಟೊ ಬಗ್ಗೆ ರೇಡಿಯೊದಲ್ಲಿ ಮಾತಾಡುವುದು ಸ್ವಲ್ಪ ವಿಚಿತ್ರವೇ. ನಾನು ತೋರಿಸುವ ಹಾಗಿಲ್ಲ, ನೀವು ನೋಡುವ ಹಾಗಿಲ್ಲ. ಆದರೆ ಇವತ್ತಿನ ವಿಷಯಕ್ಕೆ ಅದೇ ಸರಿ ಅನಿಸುತ್ತದೆ. ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಇಲ್ಲಾ ಫಿಲಂ ಮಾಮೂಲಿಗಿಂತ ದೊಡ್ಡದಿರುವ ಕ್ಯಾಮೆರಾಗೆ ಮೀಡಿಯಂ ಫಾರ್ಮ್ಯಾಟ್ ಅನ್ನುತ್ತಾರೆ. ಆ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಕಣ್ಣಿಗಿಂತ ಮೊದಲು ಕಿವಿ ಸೋತಿರುತ್ತದೆ. ‘ಅದರ ಚಿತ್ರಕ್ಕೆ ಬೇರೆಯೇ ಒಂದು ಕಳೆ ಇರುತ್ತೆ’ ಎಂದು ಯಾರೋ ಹೇಳಿರುತ್ತಾರೆ. ನಾವೂ ತಲೆ ಆಡಿಸಿರುತ್ತೇವೆ. ಆ ಕಳೆ ಬರುವುದು ಎಲ್ಲಿಂದ? ಸೆನ್ಸರ್‌ನಿಂದಲೋ, ಲೆನ್ಸ್‌ನಿಂದಲೋ, ಇಲ್ಲಾ ದುಡ್ಡು ಸುರಿದವರ ಮನಸ್ಸಿನಿಂದಲೋ?

ಇದನ್ನು ತಿಳಿಯೋಣ ಅಂತ ನಾನೊಂದು ಪರೀಕ್ಷೆ ಮಾಡಿದೆ. ಗೆಳೆಯನೊಬ್ಬನನ್ನು ಕಿಟಕಿ ಪಕ್ಕ ಕೂರಿಸಿದೆ. ಒಂದೇ ಜಾಗದಲ್ಲಿ ನಿಂತು, ಒಂದೇ ಬೆಳಕಿನಲ್ಲಿ, ಎರಡು ಕ್ಯಾಮೆರಾಗಳಲ್ಲಿ ಅವನ ಫೋಟೊ ತೆಗೆದೆ. ಒಂದು 61 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್, ಅಂದರೆ ಹಳೇ 35 ಮಿಲಿಮೀಟರ್ ಫಿಲಂನ ಚಿತ್ರದಷ್ಟೇ ಸೆನ್ಸರ್ ಇರುವುದು. ಇನ್ನೊಂದು ಎರವಲು ತಂದ 102 ಮೆಗಾಪಿಕ್ಸೆಲ್‌ನ ಮೀಡಿಯಂ ಫಾರ್ಮ್ಯಾಟ್. ಎರಡನ್ನೂ 16 ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿ, ಫೋಟೊ ಬಲ್ಲ ಐದು ಜನಕ್ಕೆ ತೋರಿಸಿದೆ. ನಾಲ್ಕು ಜನ ಮೀಡಿಯಂ ಫಾರ್ಮ್ಯಾಟ್ ಚಿತ್ರವನ್ನು ಸರಿಯಾಗಿ ಬೆರಳಿಟ್ಟು ತೋರಿಸಿದರು. ನನಗೂ ಖುಷಿಯಾಯಿತು. ‘ಹೇಗೆ ಗೊತ್ತಾಯ್ತು?’ ಎಂದೆ. ‘ಸುಮ್ನೆ ನೋಡಿದ್ರೆ ಗೊತ್ತಾಗುತ್ತಲ್ವಾ’ ಎಂದ ಒಬ್ಬ. ಇನ್ನೊಬ್ಬ ಮಾತ್ರ ನಿಜ ಹೇಳಿಬಿಟ್ಟ: ‘ಒಂದು ಚಿತ್ರ ಉದ್ದಕ್ಕಿದೆ, ಇದು ಸ್ವಲ್ಪ ಚೌಕವಾಗಿದೆ.’

ಅಷ್ಟೇ! ಅವರು ಗುರುತು ಹಿಡಿದದ್ದು ಕಳೆಯನ್ನಲ್ಲ, ಆಕಾರವನ್ನು. ಫುಲ್ ಫ್ರೇಮ್‌ನ ಆಕಾರ ಮೂರಕ್ಕೆ ಎರಡು. ಈಗಿನ ಬಹುತೇಕ ಮೀಡಿಯಂ ಫಾರ್ಮ್ಯಾಟ್ ನಾಲ್ಕಕ್ಕೆ ಮೂರು. ಎರಡನ್ನೂ ನಾಲ್ಕಕ್ಕೆ ಮೂರಾಗಿ ಕತ್ತರಿಸಿ ಮತ್ತೆ ತೋರಿಸಿದೆ. ಈ ಸಲ ಎಲ್ಲರದೂ ಅಂದಾಜೇ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಸೆನ್ಸರ್ ಒಳಗೆ ಇಣುಕಬೇಕು. ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್, ಹ್ಯಾಸೆಲ್‌ಬ್ಲಾಡ್ ಎಕ್ಸ್ ಎಂಬ ಮೀಡಿಯಂ ಫಾರ್ಮ್ಯಾಟ್ ಸರಣಿಗಳಲ್ಲಿ ಇರುವುದು ಸುಮಾರು 44 ಅಗಲ, 33 ಎತ್ತರ. ಫೇಸ್ ಒನ್ ಕಂಪನಿಯ ಐಕ್ಯೂ4 ಬ್ಯಾಕ್‌ನಲ್ಲಿ, ಅಂದರೆ ಕ್ಯಾಮೆರಾದ ಬೆನ್ನಿಗೆ ಕೂರಿಸುವ ಸೆನ್ಸರ್ ಡಬ್ಬಿಯಲ್ಲಿ, ಇನ್ನೂ ದೊಡ್ಡದು, 53ಕ್ಕೆ 40. ಈಗ ಒಂದೊಂದು ಪಿಕ್ಸೆಲ್‌ನ ಅಳತೆ ಕೇಳಿ. 61 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ 3.76 ಮೈಕ್ರಾನ್. 102 ಮೆಗಾಪಿಕ್ಸೆಲ್‌ನ ಜಿಎಫ್‌ಎಕ್ಸ್‌ನಲ್ಲೂ 3.76. ಐಕ್ಯೂ4ರ 150 ಮೆಗಾಪಿಕ್ಸೆಲ್‌ನಲ್ಲೂ ಅಷ್ಟೇ. ಮೂರೂ ಸೋನಿಯ ಒಂದೇ ಪೀಳಿಗೆಯ ಸೆನ್ಸರ್‌ಗಳು. ಒಂದೇ ಥಾನಿನಿಂದ ಒಬ್ಬರಿಗೆ ಒಂದು ಮೀಟರ್, ಇನ್ನೊಬ್ಬರಿಗೆ ಎರಡು ಮೀಟರ್ ಹರಿದು ಕೊಟ್ಟ ಹಾಗೆ. ನೇಯ್ಗೆ ಒಂದೇ. ಹಾಗಿರುವಾಗ ಕಂಪ್ಯೂಟರ್‌ನಲ್ಲಿ ಪಿಕ್ಸೆಲ್ ಮಟ್ಟಕ್ಕೆ ಹಿಗ್ಗಿಸಿ ನೋಡಿ ‘ಇದರ ಗುಣವೇ ಬೇರೆ’ ಎನ್ನುವುದರಲ್ಲಿ ಅರ್ಥವಿಲ್ಲ.

ಜಾಸ್ತಿ ಬಟ್ಟೆ ಇದ್ದರೆ ಲಾಭವಿಲ್ಲವೇ ಅಂದರೆ, ಇದೆ. ಆದರೆ ಎಷ್ಟು ಲಾಭ ಅನ್ನುವುದು ನೀವು ಹೊಲಿಸುವ ಅಂಗಿಯ ಮೇಲೆ ನಿಂತಿದೆ. ಈ ಲೆಕ್ಕ ನನಗೆ ಗೊತ್ತಾದದ್ದು ತಡವಾಗಿ. ಪೂರ್ತಿ ಸೆನ್ಸರ್‌ನ ವಿಸ್ತೀರ್ಣ ಹೋಲಿಸಿದರೆ 44ಕ್ಕೆ 33ರದ್ದು ಫುಲ್ ಫ್ರೇಮ್‌ನ 1.67 ಪಟ್ಟು. ನಿಮಗೆ ಉದ್ದನೆಯ, ಮೂರಕ್ಕೆ ಎರಡರ ಚಿತ್ರವೇ ಬೇಕು ಎನ್ನಿ, ಆಗ ಮೇಲೆ ಕೆಳಗೆ ಕತ್ತರಿಸಬೇಕು. ಲಾಭ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ನಾಲ್ಕಕ್ಕೆ ಮೂರು ಬೇಕಾದರೆ ಫುಲ್ ಫ್ರೇಮ್‌ನವರು ಎರಡು ಬದಿ ಕಳೆದುಕೊಳ್ಳುತ್ತಾರೆ. ಆಗ ಲಾಭ 1.88 ಪಟ್ಟು. ಚೌಕಕ್ಕೂ ಅಷ್ಟೇ. ಅಗಲವಾದ ಬೆಟ್ಟಸಾಲು ತೆಗೆಯುವವನಿಗೂ, ಮುಖಗಳನ್ನು ತೆಗೆಯುವವನಿಗೂ ಒಂದೇ ಕ್ಯಾಮೆರಾ ಒಂದೇ ಬೆಲೆಗೆ ಸಿಕ್ಕರೂ ದಕ್ಕುವುದು ಒಂದೇ ಅಲ್ಲ ನೋಡಿ.

ನನ್ನ ಪರೀಕ್ಷೆಗೆ ವಾಪಸ್ ಬರುತ್ತೇನೆ. ಅದೇ ಎರಡು ಚಿತ್ರಗಳನ್ನು ಆಮೇಲೆ 40 ಇಂಚು ಅಗಲಕ್ಕೆ ಹಾಕಿಸಿದೆ. ಗೆಳೆಯ ತೊಟ್ಟಿದ್ದದ್ದು ಉಣ್ಣೆಯ ಸ್ವೆಟರ್. ನಾಲ್ಕು ಹೆಜ್ಜೆ ದೂರದಿಂದ ಎರಡೂ ಒಂದೇ. ಮೂಗು ತಾಗುವಷ್ಟು ಹತ್ತಿರ ಹೋದಾಗ ಮಾತ್ರ ಬೇರೆಯಾದವು. ಒಂದರಲ್ಲಿ ಕುತ್ತಿಗೆ ಪಟ್ಟಿಯ ಮೇಲೆದ್ದ ನೂಲಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬೂದು ಮುದ್ದೆಯಾಗಿದ್ದವು. ಇನ್ನೊಂದರಲ್ಲಿ ಎಳೆ ಎಳೆಯಾಗಿ ನಿಂತಿದ್ದವು. ಹುಬ್ಬಿನ ಕೂದಲೂ ಹಾಗೇ. ಇಲ್ಲಿ ಗೆದ್ದದ್ದು ದೊಡ್ಡ ಸೆನ್ಸರ್, ನಿಜವಾಗಿ. ಆದರೆ 40 ಇಂಚಿನ ಪ್ರಿಂಟಿಗೆ ಮೂಗು ತಾಗಿಸಿ ನೋಡುವವರು ಫೋಟೊ ತೆಗೆಯುವವರು ಮಾತ್ರ. ಉಳಿದವರು ಫೋಟೊ ನೋಡುತ್ತಾರೆ.

ನೆರಳಿನಲ್ಲೂ ಒಂದಿಷ್ಟು ಲಾಭ ಸಿಗುತ್ತದೆ. ದೊಡ್ಡ ಸೆನ್ಸರ್ ಒಟ್ಟಾರೆ ಜಾಸ್ತಿ ಬೆಳಕು ಹಿಡಿಯುವುದರಿಂದ ಮುಕ್ಕಾಲು ಸ್ಟಾಪಿನಷ್ಟು ಅನುಕೂಲ. ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು. ಕಪ್ಪಾದ ಮೂಲೆಯನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿದಾಗ ಕಾಳು ಕಾಳಾದ ಚುಕ್ಕಿ ಕಡಿಮೆ. ಬೆಳಕಿನ ಏರಿಳಿತವನ್ನು ಇನ್ನಷ್ಟು ಸಣ್ಣ ಮೆಟ್ಟಿಲುಗಳಲ್ಲಿ ಬರೆದಿಡುವ 16 ಬಿಟ್ ಫೈಲ್ 14 ಬಿಟ್ಟಿಗಿಂತ ಚೆನ್ನ ಎಂಬ ಮಾತಿದೆಯಲ್ಲ, ಅದರಲ್ಲಿ ನನ್ನ ಕಣ್ಣಿಗೆ ಕಂಡದ್ದು ಫೈಲಿನ ಭಾರ ಒಂದೇ.

ಹಾಗಾದರೆ ಹಳಬರು ಹೇಳುತ್ತಿದ್ದ ಕಳೆ ಸುಳ್ಳೇ? ಸುಳ್ಳಲ್ಲ. ಅವರು ಮಾತಾಡುತ್ತಿದ್ದದ್ದು ಬೇರೆ ಅಳತೆಯ ಬಗ್ಗೆ. ಕೊಡಾಕ್ 1901ರಲ್ಲಿ ತಂದ 120 ಫಿಲಂ ಇವತ್ತಿಗೂ ಸಿಗುತ್ತದೆ. ಅದರ ಮೇಲೆ ‘ಆರಕ್ಕೆ ಆರು’ ಎಂದು ಕರೆಯುವ ಚೌಕದ ನಿಜವಾದ ಅಳತೆ 56ಕ್ಕೆ 56 ಮಿಲಿಮೀಟರ್. ಈಗಿನ 44ಕ್ಕೆ 33 ಸೆನ್ಸರ್ ಅದರ ಅರ್ಧವೂ ಇಲ್ಲ! ಲೆನ್ಸ್‌ನ ಬಾಯಿ ಎಷ್ಟು ತೆರೆದಿದೆ ಅನ್ನುವುದನ್ನು ಎಫ್ ಅಂಕಿ ಹೇಳುತ್ತದೆ, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಆ ಚೌಕದ ಮೇಲೆ 80 ಮಿಲಿಮೀಟರ್, ಎಫ್ 2.8 ಲೆನ್ಸ್ ಹಾಕಿದರೆ ಸಿಗುವ ನೋಟಕ್ಕೆ ಫುಲ್ ಫ್ರೇಮ್‌ನಲ್ಲಿ 44 ಮಿಲಿಮೀಟರ್, ಎಫ್ 1.5 ಬೇಕು. ಚಿಕ್ಕ ಫಿಲಂನ ಹಳೇ ಲೆನ್ಸ್‌ಗಳನ್ನು ಅಷ್ಟು ತೆರೆದರೆ ಚಿತ್ರ ಮೆತ್ತಗಾಗುತ್ತಿತ್ತು. ದೊಡ್ಡ ಫಿಲಂನವರು ಆರಾಮಾಗಿ 2.8ರಲ್ಲೇ ಚೂಪಾದ ಕಣ್ಣು, ಕರಗಿದ ಹಿನ್ನೆಲೆ, ಎರಡನ್ನೂ ಪಡೆಯುತ್ತಿದ್ದರು. ಕಳೆ ಎಂದರೆ ಅದು.

ಈಗ ಲೆಕ್ಕ ತಿರುಗಿದೆ. ಜಿಎಫ್‌ಎಕ್ಸ್‌ಗೆ ಇರುವ 110 ಮಿಲಿಮೀಟರ್, ಎಫ್ 2 ಒಳ್ಳೆಯ ಲೆನ್ಸ್. ಅದರ ನೋಟ ಫುಲ್ ಫ್ರೇಮ್‌ನ 87 ಮಿಲಿಮೀಟರ್, ಎಫ್ 1.6ರ ಹತ್ತಿರ. ಆದರೆ ಫುಲ್ ಫ್ರೇಮ್‌ನವರ ಬಳಿ 85 ಮಿಲಿಮೀಟರ್, ಎಫ್ 1.4 ಇದೆ, 1.2 ಕೂಡ ಇದೆ. ಬರೀ ಹಿನ್ನೆಲೆ ಕರಗಿಸಬೇಕು ಅಂತ ಯಾರಾದರೂ ಮೀಡಿಯಂ ಫಾರ್ಮ್ಯಾಟ್ ತಗೊಳ್ಳಲು ಹೊರಟರೆ ಅವರ ಕೈ ಹಿಡಿದು ನಿಲ್ಲಿಸಿ. ಮುಖದ ಆಳ, ಮೂಗು ಕಿವಿಗಳ ಪ್ರಮಾಣ ಇವೆಲ್ಲ ನೀವು ಎಷ್ಟು ದೂರ ನಿಂತಿರಿ ಅನ್ನುವುದರಿಂದ ಬರುವಂಥವು. ಸೆನ್ಸರ್‌ಗೂ ಅದಕ್ಕೂ ಸಂಬಂಧವಿಲ್ಲ.

ಬಣ್ಣದ ಜಗಳ ಇನ್ನೊಂದಿದೆ. ಹಳೆಯ ಸಿಸಿಡಿ ಬಗೆಯ ಸೆನ್ಸರ್‌ನ ಬಣ್ಣ ಈಗಿನ ಸಿಮಾಸ್ ಬಗೆಯದಕ್ಕೆ ಬರಲ್ಲ ಎನ್ನುವವರು ಬಹಳ. ಇದಕ್ಕೆ ಪೆಂಟ್ಯಾಕ್ಸ್‌ನಲ್ಲಿ ಚೆಂದದ ಜೋಡಿ ಸಿಗುತ್ತದೆ. 2010ರ 645ಡಿ, 40 ಮೆಗಾಪಿಕ್ಸೆಲ್ ಸಿಸಿಡಿ. 2014ರ 645ಝಡ್, 51 ಮೆಗಾಪಿಕ್ಸೆಲ್ ಸಿಮಾಸ್. ಮೈಕಟ್ಟು ಒಂದೇ ಥರ, ಸೆನ್ಸರ್ ಅಳತೆಯೂ ಒಂದೇ, ಲೆನ್ಸ್‌ಗಳೂ ಅವೇ. ಮಬ್ಬು ಬೆಳಕಿಗೆ ಏರಿಸುವ ಐಎಸ್‌ಒ ಅಂಕಿ ಮೊದಲನೆಯದರಲ್ಲಿ 1600ಕ್ಕೆ ಮುಗಿಯಿತು. ಎರಡನೆಯದರಲ್ಲಿ ಎರಡು ಲಕ್ಷ ದಾಟಿತು. ಸಿಲಿಕಾನ್‌ಗೆ ಬಣ್ಣ ಗೊತ್ತಿಲ್ಲ. ಅದು ಎಣಿಸುವುದು ಬೆಳಕನ್ನು. ಬಣ್ಣ ಕೊಡುವುದು ಮೇಲೆ ಕೂತ ಸಣ್ಣ ಫಿಲ್ಟರ್‌ಗಳು ಮತ್ತು ಆಮೇಲಿನ ಲೆಕ್ಕಾಚಾರ. ಸಿಸಿಡಿ ಮಬ್ಬು ಬೆಳಕಿನಲ್ಲಿ ಕೈಕೊಡುತ್ತಿತ್ತು. ಹಾಗಾಗಿ ಜನ ಒಳ್ಳೆಯ ಬೆಳಕಿಗೆ ಕಾದು, ಟ್ರೈಪಾಡ್ ಊರಿ ತೆಗೆದರು. ಚಿತ್ರ ಚೆನ್ನಾಗಿ ಬಂತು. ಹೆಸರು ಸಿಸಿಡಿಗೆ ಹೋಯಿತು ಅಂತ ನನ್ನ ಗುಮಾನಿ.

ಕ್ಯಾಮೆರಾ ನೋಡಲು ಹೇಗಿದೆ ಅನ್ನುವುದನ್ನು ತಳ್ಳಿಹಾಕಬೇಡಿ. ಅದು ಚಿತ್ರದೊಳಕ್ಕೂ ನುಸುಳುತ್ತದೆ. ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಎಂಬ ಹಳೆಯ ಫಿಲಂ ಕ್ಯಾಮೆರಾವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದು ಪುಟ್ಟ ಪೆಟ್ಟಿಗೆ. ಮೇಲಿನ ಮುಚ್ಚಳ ಎತ್ತಿದರೆ ನಾಲ್ಕು ತಗಡಿನ ಗೋಡೆ ಎದ್ದು ನಿಲ್ಲುತ್ತವೆ. ಒಳಗೆ ಬಗ್ಗಿ ನೋಡಿದರೆ ಗಾಜಿನ ಮೇಲೆ ಚಿತ್ರ, ಆದರೆ ಎಡ ಬಲ ಅದಲು ಬದಲು. ನೀವು ಬಲಕ್ಕೆ ತಿರುಗಿಸಿದರೆ ಎದುರಿನವರು ತಪ್ಪು ದಿಕ್ಕಿಗೆ ಜಾರುತ್ತಾರೆ. ಗುಂಡಿ ಒತ್ತಿದರೆ ಕ್ಲಿಕ್ ಅನ್ನಲ್ಲ, ‘ಧಡಕ್’ ಅನ್ನುತ್ತದೆ. ತಕ್ಷಣ ಕತ್ತಲು. ಹಿಡಿ ತಿರುಗಿಸಿ ಫಿಲಂ ಮುಂದೆ ಸಾಗಿಸುವ ತನಕ ಕನ್ನಡಿ ಕೆಳಗಿಳಿಯುವುದಿಲ್ಲ. ಹೊಟ್ಟೆಯ ಮಟ್ಟದಿಂದ ತೆಗೆಯುವುದರಿಂದ ಎದುರಿನವರು ನಿಮಗಿಂತ ಎತ್ತರ ಕಾಣುತ್ತಾರೆ. ನೀವು ತಲೆ ಬಗ್ಗಿಸಿದ್ದೀರಿ, ಮುಖಕ್ಕೆ ಕ್ಯಾಮೆರಾ ಹಿಡಿದಿಲ್ಲ, ಹಾಗಾಗಿ ಅವರೂ ಬಿಗಿ ಸಡಿಲಿಸುತ್ತಾರೆ. ಈ ನೋಟ ಯಾವ ಸೆನ್ಸರ್ ಕೊಟ್ಟದ್ದು ಹೇಳಿ?

ಇದೇ ಪೆಟ್ಟಿಗೆಗೆ ಈಗ 100 ಮೆಗಾಪಿಕ್ಸೆಲ್‌ನ ಡಿಜಿಟಲ್ ಬ್ಯಾಕ್ ಕೂಡ ಕೂರುತ್ತದೆ. ಸುಂದರವಾದ ಜೋಡಿ. ಆದರೆ ನೋಡುವ ಗಾಜು 56ರದ್ದು, ಒಳಗಿನ ಸೆನ್ಸರ್ 44ಕ್ಕೆ 33. ಗಾಜಿನಲ್ಲಿ ಕಂಡದ್ದೆಲ್ಲ ಚಿತ್ರದಲ್ಲಿ ಬರುವುದಿಲ್ಲ, ಹಳೆಯ 80ರ ಲೆನ್ಸ್ ಸ್ವಲ್ಪ ದೂರದ ಲೆನ್ಸ್‌ನಂತೆ ವರ್ತಿಸುತ್ತದೆ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ದೊಡ್ಡ ಸೆನ್ಸರ್ ಓದಿ ಮುಗಿಸಲು ಹೊತ್ತು ಹಿಡಿಯುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತಿರುಗುವ ಫ್ಯಾನ್ ತೆಗೆದರೆ ರೆಕ್ಕೆಗಳು ಬಾಳೆಹಣ್ಣಿನಂತೆ ಬಾಗುತ್ತವೆ. ಫ್ಲ್ಯಾಶ್ ಜೊತೆ, ಲೆನ್ಸ್ ಬದಲಿಸಬಹುದಾದ ಜಿಎಫ್‌ಎಕ್ಸ್ ಶಟರ್ ಸೆಕೆಂಡಿನ 125ನೇ ಒಂದು ಭಾಗಕ್ಕೆ ನಿಲ್ಲುತ್ತದೆ. ಹ್ಯಾಸೆಲ್‌ಬ್ಲಾಡ್ ಎಕ್ಸ್‌ನಲ್ಲಿ ಶಟರ್ ಲೆನ್ಸ್ ಒಳಗೇ ಇರುವುದರಿಂದ 2000ನೇ ಒಂದು ಭಾಗದವರೆಗೂ ಹೋಗಬಹುದು. ಬಿಸಿಲಲ್ಲಿ ಫ್ಲ್ಯಾಶ್ ಬಳಸುವವರಿಗೆ ಸೆನ್ಸರ್‌ಗಿಂತ ಈ ವ್ಯತ್ಯಾಸವೇ ಮುಖ್ಯ.

ಅಂದಹಾಗೆ, ಪರೀಕ್ಷೆ ಮುಗಿದ ಮೇಲೆ ಎಲ್ಲ ಪ್ರಿಂಟ್‌ಗಳನ್ನು ನೆಲದ ಮೇಲೆ ಹರಡಿ, ನಿನಗೆ ಬೇಕಾದ್ದು ತಗೋ ಎಂದೆ ಗೆಳೆಯನಿಗೆ. 40 ಇಂಚಿನವನ್ನು ಅವನು ಮುಟ್ಟಲೂ ಇಲ್ಲ. ಮೊದಲ ಸುತ್ತಿನ, ಇನ್ನೂ ಕತ್ತರಿಸಿರದ ಫುಲ್ ಫ್ರೇಮ್ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಕಿಟಕಿ ಕಟ್ಟೆಯ ಮೇಲೆ ಅವನ ಬೆಕ್ಕು ಮಲಗಿತ್ತಂತೆ. ಅದರ ಬಾಲ ಪೂರ್ತಿ ಬಂದದ್ದು ಅದೊಂದರಲ್ಲೇ.

ನಮಸ್ಕಾರ.